ಬಂದರಿನ ಕೆಂಪುಕಲ್ಲಿಗೆ ಸಿಮೆಂಟ್ ಗಾರೆ ಬೇಡ

ಪ್ರಶ್ನೆ: ಮಂಗಳೂರು ಹಳೆ ಬಂದರಿನಲ್ಲಿ ನಮ್ಮದೊಂದು ಹಂಚಿನ ಮಾಡಿನ ಗೋಡೌನಿದೆ. ಹಿಂದೆ ಸುಂಕ ಕಟ್ಟಬೇಕಾದ ಸರಕು ಇಡುತ್ತಿದ್ದ ಕಟ್ಟಡವಂತೆ. ಸಿಮೆಂಟ್ ಗಾರೆ ಎಷ್ಟು ಸಲ ಮಾಡಿಸಿದರೂ ನೆಲದಿಂದ ಮೂರಡಿಯವರೆಗೆ ಉಬ್ಬಿ ಉದುರುತ್ತದೆ, ಬಿಳಿ ಪುಡಿ ಏಳುತ್ತದೆ. ವಾಟರ್‌ಪ್ರೂಫ್ ಪೈಂಟ್ ಹೊಡೆಸಲೇ? ಕಿಟಕಿಗಳು ಅಷ್ಟು ಮೇಲೆ ಯಾಕಿವೆ?
– ಓದುಗರು, ಬಂದರು

ಉತ್ತರ: ಕಿಟಕಿಯದ್ದು ಸುಲಭ. ಸುಂಕ ಕಟ್ಟುವ ತನಕ ಸರಕು ಬೀಗದೊಳಗೇ ಇರಬೇಕು. ಕಿಟಕಿ ಕೈಗೆಟಕಬಾರದು, ಆದರೆ ಕಾಫಿ, ಕಾಳುಮೆಣಸಿಗೆ ಗಾಳಿ ಬೇಕು.

ವಾಟರ್‌ಪ್ರೂಫ್ ಪೈಂಟ್ ಖಂಡಿತ ಬೇಡ. ನಿಮ್ಮ ಗೋಡೆಯ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಮೈತುಂಬ ತೂತು. ನೆಲದ ಉಪ್ಪುನೀರನ್ನು ಅದು ಮೇಲಕ್ಕೆಳೆಯುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ತಡೆಯುವುದರಿಂದ ಉಪ್ಪು ಗಾರೆಯ ಹಿಂದೆಯೇ ಹರಳುಗಟ್ಟಿ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಪೈಂಟ್ ಹೊಡೆದರೆ ತೇವ ಮೂರಡಿ ದಾಟಿ ಇನ್ನೂ ಮೇಲೇರುತ್ತದೆ.

ಮೊದಲು ಹೊರಗೆ ನೋಡಿ. ಡಾಮರು ಮೇಲೆ ಡಾಮರು ಬಿದ್ದು ರಸ್ತೆ ನಿಮ್ಮ ಕಟ್ಟಡದ ಪಂಚಾಂಗಕ್ಕಿಂತ (ಗೋಡೆ ನಿಂತಿರುವ ಅಡಿಪಾಯದ ಕಟ್ಟೆ) ಎತ್ತರವಾಗಿದ್ದರೆ, ಗೋಡೆಯುದ್ದಕ್ಕೂ ಮಣ್ಣು ತೆಗೆಸಿ ಚರಂಡಿ ಮಾಡಿಸದೆ ಬೇರೆ ಕೆಲಸಕ್ಕೆ ದುಡ್ಡು ಹಾಕಬೇಡಿ. ಒಡೆದ ಹಂಚನ್ನೂ ಆಗಲೇ ಬದಲಿಸಿ.

ಗಾರೆ ಕೆಲಸ ಮಳೆ ನಿಂತ ಮೇಲೆ, ನವೆಂಬರಿನ ಹೊತ್ತಿಗೆ ಶುರು ಮಾಡಿ. ಸಿಮೆಂಟನ್ನು ಸಣ್ಣ ಉಳಿಯಿಂದ ಅಂಚಿನಿಂದ ಎಬ್ಬಿಸಿ. ಬ್ರೇಕರ್ ಯಂತ್ರ ಬಳಸಿದರೆ ಕಲ್ಲು ಬಿರಿಯುತ್ತದೆ. ಸಂದುಗಳನ್ನು ಮುಕ್ಕಾಲು ಇಂಚು ಕೆರೆಯಿರಿ. ಬಿಳಿ ಪುಡಿಯನ್ನು ಒಣ ಬ್ರಶ್‌ನಿಂದಲೇ ಗುಡಿಸಿ ಹೊರಗೆ ಹಾಕಿ, ತೊಳೆದರೆ ಉಪ್ಪು ಕರಗಿ ವಾಪಸ್ ಕಲ್ಲಿಗೇ ಇಳಿಯುತ್ತದೆ. ಆಮೇಲೆ ಒಂದು ಪಾಲು ಸುಣ್ಣಕ್ಕೆ ನಾಲ್ಕು ಪಾಲು ಮರಳಿನ ತೆಳು ಗಾರೆ ಮೆತ್ತಿ, ಒಂದೆರಡು ತಿಂಗಳು ಬಿಟ್ಟು ಕಿತ್ತು ಎಸೆಯಿರಿ. ಉಪ್ಪು ಹೀರಿಕೊಳ್ಳುವುದಷ್ಟೇ ಅದರ ಕೆಲಸ. ಮೇಸ್ತ್ರಿಗಳು ಇದನ್ನು ದಂಡ ಎನ್ನುತ್ತಾರೆ, ಒಪ್ಪಬೇಡಿ.

ಕೊನೆಯ ಗಾರೆಗೆ ಮೂರು ವಾರವಾದರೂ ನೀರಿನಲ್ಲಿ ಕೊಳೆಸಿದ ಚಿಪ್ಪಿನ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ತೇವ ಬಿಡದ ಬುಡದಲ್ಲಿ ಬರೀ ಸುಣ್ಣ ಗಟ್ಟಿಯಾಗದು. ಅಲ್ಲಿ ಸುಣ್ಣ ಒಂದು, ಹಂಚಿನ ನುಣ್ಣನೆಯ ಪುಡಿ ಒಂದು, ಮರಳು ಎರಡು ಪಾಲು ಸೇರಿಸಿ. ನದಿ ಸಮುದ್ರ ಸೇರುವ ಅಳಿವೆಬಾಗಿಲಿನ ಹತ್ತಿರದ ಮರಳು ಬೇಡವೇ ಬೇಡ: ಈಗಷ್ಟೇ ತೆಗೆದ ಉಪ್ಪನ್ನು ನೀವೇ ಮತ್ತೆ ಹಾಕಿದಂತಾಗುತ್ತದೆ. ಗೋಡೆಗೆ ನೀರು ಚಿಮುಕಿಸಿ, ಅರ್ಧ ಇಂಚಿಗಿಂತ ದಪ್ಪವಾಗದ ಎರಡು ಪದರ ಹಾಕಿಸಿ, ವಾರವಿಡೀ ಒದ್ದೆ ಗೋಣಿ ಇಳಿಬಿಡಿ. ಮೇಲಿಂದ ಸುಣ್ಣದ ಬಣ್ಣ ಮಾತ್ರ, ತೆಳುವಾಗಿ ಮೂರು ಕೈ. ಎಮಲ್ಷನ್ ಬಳಿದರೆ ಈ ಖರ್ಚೆಲ್ಲ ನೀರಿಗೆ ಹೋಯಿತೆಂದೇ ತಿಳಿಯಿರಿ.