83 ನಿಮಿಷದ ದುಃಖ ಯಾರಿಗೆ ಬೇಕು?

ಪ್ರಶ್ನೆ: ಗೆಳೆಯನೊಬ್ಬ ಬೆಲ್ ವಿಚ್ ಬ್ಯಾಂಡಿನ 'ಮಿರರ್ ರೀಪರ್' ಆಲ್ಬಮ್ ಕೇಳು ಅಂತ ಬೆನ್ನು ಬಿದ್ದಿದ್ದ. ಇಡೀ ಆಲ್ಬಮ್ಮಿಗೆ ಒಂದೇ ಹಾಡು, 83 ನಿಮಿಷ. ಶುರುವಿನಲ್ಲಿ ತುಂಬಾ ಬೇಜಾರಾಯಿತು, ಆಮೇಲೆ ನಿಲ್ಲಿಸೋಕೆ ಮನಸ್ಸೇ ಬರಲಿಲ್ಲ. ಮುಗಿದಾಗ ಎದೆ ಹಗುರವಾಗಿತ್ತು. ಈಗ ಮತ್ತೆ ಮತ್ತೆ ಬೇಕು ಅನಿಸುತ್ತದೆ. ನನ್ನ ಬದುಕಿನಲ್ಲಿ ಅಂಥ ದುಃಖವೇನೂ ಇಲ್ಲ. ಇದು ಸರಿನಾ?

ಉತ್ತರ: ಖಂಡಿತ ಸರಿ. ನಿಮ್ಮ ಹಾಗೆ ಆ ಆಲ್ಬಮ್ಮಿಗೆ ಸಿಕ್ಕಿಬಿದ್ದವರು ಜಗತ್ತಿನ ತುಂಬ ಇದ್ದಾರೆ, ನಾನೂ ಅವರಲ್ಲಿ ಒಬ್ಬ.

ಇದನ್ನು ಫ್ಯೂನರಲ್ ಡೂಮ್ ಅಂತಾರೆ. ಮೆಟಲ್ ಅಂದರೆ ರಾಕ್ ಸಂಗೀತದ ಅಬ್ಬರದ ಕವಲು, ಅದರಲ್ಲಿ ಇದಕ್ಕಿಂತ ನಿಧಾನದ್ದು ಸಿಗುವುದು ಕಷ್ಟ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇದು ರೂಪ ಪಡೆದದ್ದು ಹೆಚ್ಚಾಗಿ ಫಿನ್ಲೆಂಡಿನಲ್ಲಿ. ಥರ್ಗೊಥಾನ್ ಬ್ಯಾಂಡಿನ ಒಂದೇ ಒಂದು ಆಲ್ಬಮ್ 1994ರಲ್ಲಿ ಬಂತು, ಸ್ಕೆಪ್ಟಿಸಿಸಮ್‌ನವರ 'ಸ್ಟಾರ್ಮ್‌ಕ್ರೋಫ್ಲೀಟ್' 1995ರಲ್ಲಿ. ಮಾಮೂಲಿ ಮೆಟಲ್‌ನಲ್ಲಿ ಗಿಟಾರ್ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಇಲ್ಲಿ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳನ್ನು, ಬಾರಿಸಿ ಬಿಟ್ಟುಬಿಡುತ್ತಾರೆ. ಅದು ಗುಂಯ್‌ಗುಟ್ಟುತ್ತದೆ, ಅಂಚು ಸವೆಯುತ್ತದೆ, ಸಣ್ಣಗಾಗುತ್ತದೆ, ಇನ್ನೇನು ಮುಗಿಯಿತು ಅನ್ನುವಾಗ ಡ್ರಮ್ಮಿನ ಮುಂದಿನ ಪೆಟ್ಟು ಬೀಳುತ್ತದೆ. ನಿಮಗೆ ಮೊದಲು ಬೇಜಾರಾಗಿದ್ದು ಇದಕ್ಕೇ. ಕಿವಿ ಆ ಪೆಟ್ಟು ಬೇಗ ಬರಲಿ ಅಂತ ಕಾಯ್ತಾ ಇತ್ತು. ಕಾಯುವುದನ್ನು ಬಿಟ್ಟ ಮೇಲೆ, ನಡುವೆ ಸಾಯುತ್ತಿರುವ ಆ ಸ್ವರವೇ ಹಾಡು ಅಂತ ಗೊತ್ತಾಗುತ್ತದೆ.

'ಮಿರರ್ ರೀಪರ್' (2017) ಮಾಡಿದವರು ಇಬ್ಬರೇ, ಡಿಲನ್ ಡೆಸ್ಮಂಡ್ ಮತ್ತು ಜೆಸ್ಸಿ ಶ್ರೈಬ್ಮನ್. ಇದರಲ್ಲಿ ಗಿಟಾರ್ ಇಲ್ಲ, ಗಿಟಾರ್ ಅಂತ ಕೇಳಿಸುವುದೆಲ್ಲ ಡೆಸ್ಮಂಡ್ ನುಡಿಸುವ ಆರು ತಂತಿಯ ಬಾಸ್, ಅಂದರೆ ತಗ್ಗಿನ ಸ್ವರದ ವಾದ್ಯ. ಈ ಬ್ಯಾಂಡಿನಲ್ಲಿ ಮೊದಲು ಡ್ರಮ್ ಬಾರಿಸುತ್ತಾ ಹಾಡುತ್ತಿದ್ದವರು ಏಡ್ರಿಯನ್ ಗೆರಾ. ಈ ಹಾಡನ್ನು ಕಟ್ಟುತ್ತಿದ್ದಾಗಲೇ, 2016ರಲ್ಲಿ, ಅವರು ತೀರಿಕೊಂಡರು. ಹಿಂದಿನ ಆಲ್ಬಮ್ಮಿಗೆ ರೆಕಾರ್ಡ್ ಮಾಡಿ ಬಳಸದೆ ಉಳಿದಿದ್ದ ಅವರ ದನಿಯನ್ನು ಇವರು ಈ ಹಾಡಿನ ನಡುಭಾಗದಲ್ಲಿ ಇಟ್ಟರು. ಸುತ್ತ ಸಂಗೀತ ತಗ್ಗುತ್ತದೆ, ಆ ದನಿ ಬರುತ್ತದೆ. ಸತ್ತವನು ತನ್ನದೇ ಶೋಕದ ಹಾಡಿನಲ್ಲಿ ಹಾಡುತ್ತಿದ್ದಾನೆ. ಇದು ಗೊತ್ತಾದ ಮೇಲೆ ಆ ಭಾಗವನ್ನು ಇನ್ನೊಮ್ಮೆ ಕೇಳಿ.

ಇನ್ನು, ದುಃಖವಿಲ್ಲದ ನಿಮಗೆ ಇದು ಯಾಕೆ ಬೇಕು ಅನ್ನುವ ಪ್ರಶ್ನೆ. ಜೋನಾ ವುವೊಸ್ಕೊಸ್ಕಿ ಮತ್ತು ಟೂಮಾಸ್ ಎರೊಲಾ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದುಃಖದ ಸಂಗೀತ ಕೊಡುವ ಸುಖ ಬಹುಪಾಲು 'ಮನ ಕಲಕಿತು' ಅನ್ನುವ ಅನುಭವದಿಂದ ಬರುತ್ತದೆ. ನಮ್ಮ ರಸಶಾಸ್ತ್ರ ಬದುಕಿನ ಶೋಕವನ್ನೂ ಕಲೆಯಲ್ಲಿ ಸವಿಯುವ ಕರುಣ ರಸವನ್ನೂ ಬೇರೆ ಬೇರೆ ಇಟ್ಟಿದ್ದೂ ಹೆಚ್ಚು ಕಡಿಮೆ ಇದಕ್ಕೇ. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದಿದೆ. ಈ ಸಂಗೀತಕ್ಕೆ ಅವಸರವಿಲ್ಲ. ಸಾಮಾನ್ಯ ದುಃಖದ ಹಾಡು ನಾಲ್ಕು ನಿಮಿಷದಲ್ಲಿ ಅಳಿಸಿ, ಸಮಾಧಾನ ಮಾಡಿ, ಮನೆಗೆ ಕಳಿಸುತ್ತದೆ. ಜನರೂ ಹಾಗೇ ಅಲ್ವಾ, ಆಗಿದ್ದು ಆಯ್ತು ಮುಂದಿನದು ನೋಡು ಅಂತಾರೆ. ಫ್ಯೂನರಲ್ ಡೂಮ್ ಹಾಗೆ ಹೇಳುವುದೇ ಇಲ್ಲ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರೋಣ ಅನ್ನುತ್ತದೆ, ನಿಮ್ಮಿಂದ ನಗುವನ್ನೂ ಕೇಳುವುದಿಲ್ಲ, ಕಣ್ಣೀರನ್ನೂ ಕೇಳುವುದಿಲ್ಲ. ದಿನವಿಡೀ ಚುರುಕಾಗಿರಬೇಕು, ಚೆನ್ನಾಗಿದ್ದೀನಿ ಅನ್ನಬೇಕು ಅಂತ ಓಡಾಡುವ ಯಾರಿಗಾದರೂ ಇದು ದೊಡ್ಡ ಬಿಡುವು. ಎದೆ ಹಗುರವಾಗೋಕೆ ದೊಡ್ಡ ದುಃಖ ಇರಲೇಬೇಕು ಅಂತೇನಿಲ್ಲ.

ಪ್ರಶ್ನೆ: ಸಂಗೀತ ಇಷ್ಟವಾಯಿತು, ಆದರೆ ಆ ಗೊಗ್ಗರು ದನಿಯ ಗ್ರೌಲ್ ಯಾಕೆ? ಒಂದು ಪದವೂ ಅರ್ಥವಾಗುವುದಿಲ್ಲ. ಚೆನ್ನಾಗಿ ಹಾಡಿದ್ದರೆ ಇನ್ನೂ ಜಾಸ್ತಿ ತಟ್ಟುತ್ತಿರಲಿಲ್ಲವೇ?

ಉತ್ತರ: ವೇಗದ ಮೆಟಲ್‌ನಲ್ಲಿ ಗ್ರೌಲ್ ಮೈಮೇಲೆ ಬೀಳುತ್ತದೆ. ಇಲ್ಲಿ ಅದೇ ಗ್ರೌಲನ್ನು ಎಳೆದು ಎಳೆದು ಒಂದು ಉಸಿರಿನಷ್ಟು ಉದ್ದ ಮಾಡುತ್ತಾರೆ, ಸಿಟ್ಟು ಹೋಗಿ ಸುಸ್ತು ಉಳಿಯುತ್ತದೆ. ಪದ ತಿಳಿದರೆ ಅದು ಯಾರದೋ ಒಬ್ಬರ ಕಥೆ. ತಿಳಿಯದಿದ್ದಾಗ ನಿಮ್ಮದನ್ನೂ ಅದರಲ್ಲಿ ತುಂಬಬಹುದು. ಇನ್ನೊಂದು ಲಾಭವೂ ಇದೆ. 'ಮಿರರ್ ರೀಪರ್'ನ ಎರಡನೇ ಅರ್ಧದಲ್ಲಿ ಅತಿಥಿ ಗಾಯಕ ಎರಿಕ್ ಮೊಗ್ರಿಜ್ ತಣ್ಣಗೆ, ಮಾಮೂಲಿ ದನಿಯಲ್ಲಿ ಹಾಡುತ್ತಾರೆ. ಅಷ್ಟು ಹೊತ್ತು ಗ್ರೌಲ್ ಕೇಳಿದ್ದಕ್ಕೇ ಆ ದನಿ ಅಷ್ಟು ಬೆತ್ತಲೆ ಅನಿಸುವುದು.

ಪ್ರಶ್ನೆ: ನನ್ನ ತಮ್ಮ ಕಾಲೇಜು ಓದುತ್ತಿದ್ದಾನೆ. ರೂಮಿನ ಬಾಗಿಲು ಹಾಕಿಕೊಂಡು ಇಂಥದ್ದನ್ನೇ ಕೇಳುತ್ತಾನೆ. ಸಾವು, ಶವಯಾತ್ರೆ ಅಂತ ಹೆಸರುಗಳು. ಭಯವಾಗುತ್ತದೆ. ಬಿಡಿಸಬೇಕಾ?

ಉತ್ತರ: ಅಕ್ಕಾ, ಹಾಡನ್ನು ನೋಡಬೇಡಿ, ತಮ್ಮನನ್ನು ನೋಡಿ. ಊಟ, ನಿದ್ದೆ, ಗೆಳೆಯರು, ನಗು ಎಲ್ಲ ಮೊದಲಿನಂತೇ ಇದ್ದರೆ ಇದು ಅವನ ರುಚಿ, ಅಷ್ಟೇ. ಕೊರಗಿದ್ದನ್ನೇ ಕೊರಗುವ ಸ್ವಭಾವದವರಿಗೆ ಮಾತ್ರ ದುಃಖದ ಸಂಗೀತ ಕೆಲವು ಸಲ ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದು. ಹಾಗಾಗಿ ಅವನನ್ನೇ ಕೇಳಿ, ಕೇಳಿದ ಮೇಲೆ ಹೇಗನಿಸುತ್ತೆ ಅಂತ. ಅವನು ಬದುಕೇ ಬೇಡ ಅನ್ನುವ ಮಾತಾಡಿದರೆ, ಅಥವಾ ನಿಮಗೇ ಹಾಗೆ ಅನುಮಾನ ಬಂದರೆ, ಸುತ್ತಿ ಬಳಸದೆ ನೇರವಾಗಿ ಕೇಳಿ, ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ನಂಬಿಕೆ. ಹೆಡ್‌ಫೋನ್ ಕಿತ್ತುಕೊಂಡರೆ ಮಾತ್ರ ಅವನು ನಿಮ್ಮ ಹತ್ತಿರ ಮಾತಾಡುವುದನ್ನೂ ಬಿಡುತ್ತಾನೆ. ಒಂದು ಸಲ ಪಕ್ಕದಲ್ಲಿ ಕೂತು ಕೇಳಿ, ಪೂರ್ತಿ ಕೇಳಬೇಕಾಗಿಲ್ಲ.

ಪ್ರಶ್ನೆ: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಶೇಪ್ ಆಫ್ ಡಿಸ್ಪೇರ್ ಬ್ಯಾಂಡಿನ 'ಏಂಜಲ್ಸ್ ಆಫ್ ಡಿಸ್ಟ್ರೆಸ್' (2001). ಅದರಲ್ಲಿ ಹೆಣ್ಣು ದನಿ ಇದೆ, ರಾಗ ಬೇಗ ಹಿಡಿಯುತ್ತದೆ. ಕಥೆ ಬೇಕು ಅನ್ನುವವರಿಗೆ ಜರ್ಮನಿಯ ಅಹಬ್, ಅವರ 2006ರ ಮೊದಲ ಆಲ್ಬಮ್ ಪೂರ್ತಿ 'ಮೋಬಿ ಡಿಕ್' ಕಾದಂಬರಿಯ ಮೇಲೆ ನಿಂತಿದೆ. ಆಮೇಲೆ ಸ್ಕೆಪ್ಟಿಸಿಸಮ್‌ಗೆ ಬನ್ನಿ. ಅವರಲ್ಲಿ ಬಾಸ್ ಗಿಟಾರ್ ಇಲ್ಲ, ಆ ಜಾಗವನ್ನು ಚರ್ಚಿನ ಆರ್ಗನ್ ಥರದ ಕೀಬೋರ್ಡ್ ತುಂಬುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಕೆಳಗಿನ ಸ್ವರಗಳೆಲ್ಲ ಮಾಯವಾಗಿ ಬರೀ ಗೊರಗೊರ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಬೇರೆ ಕೆಲಸ ಇಟ್ಟುಕೊಳ್ಳಬೇಡಿ. 'ಮಿರರ್ ರೀಪರ್' ಅನ್ನು ತುಂಡು ತುಂಡಾಗಿ ಕೇಳಬೇಡಿ, ಒಂದೂವರೆ ಗಂಟೆ ಬಿಡುವಿದ್ದ ದಿನಕ್ಕೆ ಇಟ್ಟುಕೊಳ್ಳಿ.