ಕೊರೋನಾ ಟೈಮಿನ 'ಹೆಚ್ಚುವರಿ ಸಾವು' ಅಂದ್ರ ಏನ್ರಿ, ವಯಸ್ಸಿನ ಪ್ರಕಾರ ಹ್ಯಾಂಗ ನೋಡಬೇಕು?

ಕೊರೋನಾ ಬರದಿದ್ರ ಆ ವರ್ಷ ಎಷ್ಟ್ ಮಂದಿ ಸಾಯ್ತಿದ್ರು ಅಂತ ಹಿಂದಿನ ವರ್ಷಗಳ ಮ್ಯಾಲಿಂದ ಅಂದಾಜ್ ಮಾಡಿ, ನಿಜವಾಗಿ ಸತ್ತವರ ಲೆಕ್ಕದಾಗ ಅದನ್ನ ಕಳೀರಿ, ಉಳಿಯೋದೇ ಹೆಚ್ಚುವರಿ ಸಾವು. ದೇಶದ ಮೊದಲನೇ ಕೊರೋನಾ ಸಾವು ನಮ್ಮ ಕಲಬುರಗಿಯವರದೇ, 2020ರ ಮಾರ್ಚ್‌ನಾಗ, 76 ವರ್ಷದವ್ರು, ರಿಪೋರ್ಟ್ ಬಂದಿದ್ದು ತೀರಿಕೊಂಡ ಮ್ಯಾಲೆ. ಇನ್ನ ಟೆಸ್ಟೇ ಆಗದೆ ಹೋದವರು ಯಾವ ಲೆಕ್ಕಕ್ಕ ಬರ್ತಾರ? ಅದಕ್ಕ 2020, 2021 ಎರಡೂ ವರ್ಷ ಸೇರಿ ದೇಶದಾಗ ಸರ್ಕಾರದ ಕೊರೋನಾ ಸಾವಿನ ಲೆಕ್ಕ ಸುಮಾರು 4.8 ಲಕ್ಷ ಇದ್ರ, ಡಬ್ಲ್ಯೂಎಚ್‌ಒದ (ವಿಶ್ವ ಆರೋಗ್ಯ ಸಂಸ್ಥೆ) ಹೆಚ್ಚುವರಿ ಸಾವಿನ ಅಂದಾಜು 47 ಲಕ್ಷ (ಸರ್ಕಾರ ಒಪ್ಪಲಿಲ್ಲ, ಅದು ಬ್ಯಾರೆ ಮಾತು). ಸತ್ತವರಾಗ ವಯಸ್ಸಾದವರೇ ಜಾಸ್ತಿ, ಆದ್ರ ಹರೇದವರು ಮೊದ್ಲೇ ಕಡಿಮಿ ಸಾಯ್ತಾರಲ್ಲ, ಅಲ್ಲಿ ಸ್ವಲ್ಪ ಏರಿದ್ರೂ ಪರ್ಸೆಂಟೇಜ್ ದೊಡ್ಡದು ಕಾಣ್ತದ. ಕೊರೋನಾ ಅಲೆ ಇಳಿದ ಮ್ಯಾಲೆ ಮುದುಕರ ಹೆಚ್ಚುವರಿ ಸಾವಿನ ಲೆಕ್ಕ ಮೈನಸ್ಸಿಗೂ ಹೋಗಬಹುದು, ಯಾಕಂದ್ರ ಮುಂದ ಒಂದೆರಡು ವರ್ಷದಾಗ ಹೋಗೋರು ಮೊದ್ಲೇ ಹೋಗಿರ್ತಾರ.