ಸ್ಪೀಡ್‌ಸ್ಟರ್ ರೆಪ್ಲಿಕಾಗೆ ಏರಿಸಿ ಇಳಿಸುವ ಗಾಜು ಹಾಕಿಸಬಹುದಾ? ಯಾವ ರೆಗ್ಯುಲೇಟರ್ ತಗೊಳ್ಳಲಿ?

ರೆಗ್ಯುಲೇಟರ್, ಅಂದ್ರೆ ಬಾಗಿಲೊಳಗೆ ಗಾಜನ್ನು ಏರಿಸಿ ಇಳಿಸುವ ಸಾಧನ, ಇನ್ನೂ ಆರ್ಡರ್ ಮಾಡಿಲ್ಲ ಅಂದ್ರೆ ದಯವಿಟ್ಟು ಈಗಲೇ ಮಾಡಬೇಡಿ.

ಫೋಕ್ಸ್‌ವ್ಯಾಗನ್ ಬೀಟಲ್ ಚಾಸಿ, ಮೇಲೆ ಪೋರ್ಷೆ 356 ಸ್ಪೀಡ್‌ಸ್ಟರ್ ಆಕಾರದ ಫೈಬರ್ ಬಾಡಿ, ಬಾಗಿಲಿಗೆ ಗಾಜಿಲ್ಲ, ಮಳೆ ಬಂದರೆ ಬದಿಯಿಂದ ತೊಡೆ ಮೇಲೆ ನೀರು. ನೀವು ಬರೆದಿರುವುದು ನನ್ನದೇ ಕಥೆ. ನಾನಿರುವುದು ಸಿಯಾಟಲ್ ಪಕ್ಕದಲ್ಲಿ. ಇಲ್ಲಿ ಅಕ್ಟೋಬರ್‌ನಲ್ಲಿ ಹಿಡಿದ ಮಳೆ ವಸಂತದವರೆಗೂ ಜಿನುಗುತ್ತಲೇ ಇರುತ್ತದೆ. ಗಾಜಿನ ಬದಲು ಬಾಗಿಲ ಮೇಲೆ ಸಿಕ್ಕಿಸಲು ಕಾರಿನ ಜೊತೆ ಬಂದಿದ್ದ ಸೈಡ್ ಕರ್ಟನ್‌ಗಳ (ಸೈಡ್ ಸ್ಕ್ರೀನ್ ಅಂತಲೂ ಅಂತಾರೆ) ಪ್ಲಾಸ್ಟಿಕ್ ಹಳದಿ ತಿರುಗಿ ಮಬ್ಬಾಗಿತ್ತು. ಲೇನ್ ಬದಲಿಸುವಾಗ ಪಕ್ಕದ ಗಾಡಿ ಸರಿಯಾಗಿ ಕಾಣುತ್ತಿರಲಿಲ್ಲ. ಹೈವೇಯಲ್ಲಿ ಅವು ಹೊರಗೆ ಉಬ್ಬಿ ಪಟಪಟ ಬಡಿದುಕೊಳ್ಳುತ್ತಿದ್ದವು. ಚಿಕ್ಕಂದಿನಲ್ಲಿ ಮಲೆನಾಡಿನ ಜೀಪುಗಳಲ್ಲಿ ಟಾರ್ಪಾಲಿನ್ ಪರದೆ ಕಟ್ಟಿಕೊಂಡು ಓಡಾಡಿದವನು ನಾನು, ಒದ್ದೆಯಾಗೋದು ನನಗೆ ಹೊಸದಲ್ಲ. ಆದರೆ ಪಕ್ಕ ಕಾಣಿಸದೇ ಓಡಿಸೋದು ಅಪಾಯ. ಅದಕ್ಕೇ ಗಾಜು ಹಾಕಿಸಲು ಹೊರಟೆ.

ನಿಮ್ಮ ಹಾಗೇ ನಾನೂ ಇದನ್ನು ಬಾಗಿಲಿನ ಕೆಲಸ ಅಂತ ತಿಳಿದು ಬಾಗಿಲಿನಿಂದಲೇ ಶುರು ಮಾಡಿದೆ. ಒಳಗಿನ ಪ್ಯಾನೆಲ್ ಬಿಚ್ಚಿದರೆ ಜಾಗ ಇದೆ ಅನ್ನಿಸಿತು. ಸ್ಪೀಡ್‌ಸ್ಟರ್ ವಿಂಡ್‌ಶೀಲ್ಡ್ ಗಿಡ್ಡ, ಹಾಗಾಗಿ ಗಾಜಿನ ಎತ್ತರವೂ ಕಮ್ಮಿ, ಬಾಗಿಲೊಳಗೆ ಇಳಿದು ಮರೆಯಾಗುತ್ತದೆ. ಕೇಬಲ್ ಮೇಲೆ ಓಡುವ ರೆಗ್ಯುಲೇಟರ್ ಕೂರಿಸಿದೆ. ಗಾಜಿನ ಅಂಚು ಜಾರಲು ಮುಂದೊಂದು ಹಿಂದೊಂದು, ಒಳಗೆ ಫೆಲ್ಟ್ ಬಟ್ಟೆ ಇರುವ ಚಾನೆಲ್ ಹಾಕಿದೆ. ಈ ಎರಡು ಚಾನೆಲ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಕೆಳಗೆ ಹೋಗ್ತಾ ಸ್ವಲ್ಪ ಹತ್ತಿರವಾದರೂ ಗಾಜು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ದೂರವಾದರೆ ಅಲ್ಲಾಡುತ್ತದೆ. ಅಕ್ರಿಲಿಕ್ ಹಾಳೆಯಲ್ಲಿ ಡಮ್ಮಿ ಗಾಜು ಕತ್ತರಿಸಿ, ಏರಿಸಿ ಇಳಿಸಿ, ಚಾನೆಲ್ ಸರಿ ಮಾಡಿಕೊಂಡೆ. ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿದ್ದೀರಿ. ನನ್ನ ಕಾರಿನ ಬಟ್ಟೆಯ ಟಾಪ್, ಅಂದ್ರೆ ಮಡಚುವ ಚಾವಣಿ, ಹಳೆಯದು, ಅಂಚು ಹರಿದು ಜೋತುಬಿದ್ದಿತ್ತು. ಹೊಸದು ಹಾಕಿಸಬೇಕು ಅಂತ ಇತ್ತು, ಆದರೆ ಮೊದಲು ಗಾಜು ಆಗಲಿ, ಆಮೇಲೆ ಟಾಪ್ ಹೊಲಿಯುವವರು ಗಾಜಿಗೆ ತಕ್ಕ ಹಾಗೆ ಬಟ್ಟೆ ಕತ್ತರಿಸಿಕೊಳ್ಳಲಿ ಅಂದುಕೊಂಡೆ. ಆ ಹಳೆ ಟಾಪನ್ನೇ ಮೇಲೆತ್ತಿ, ಮುಂದಿನ ಕ್ಲಾಂಪ್ ಬಿಗಿಯದೆ ಸುಮ್ನೆ ವಿಂಡ್‌ಶೀಲ್ಡ್ ಮೇಲೆ ಕೂರಿಸಿ, ಅದರ ಅಂಚು ನೋಡಿಕೊಂಡು ಗಾಜಿನ ಆಕಾರ ಗುರುತು ಮಾಡಿದೆ. ಎಡಗಡೆಯ ಅಳತೆಯನ್ನೇ ತಿರುಗಿಸಿ ಬಲಗಡೆಗೂ ಕೊಟ್ಟೆ. ಗಾಜು ಬಂತು. ಕೂರಿಸಿದರೆ ತುಂಬಾ ಚೆಂದ ಕಾಣುತ್ತಿತ್ತು.

ಆಮೇಲೆ ಹೊಸ ಟಾಪ್ ಬಂತು. ಬಟ್ಟೆ ಎಳೆದು ಬಿಗಿ ಮಾಡಿ ಮುಂದಿನ ಕ್ಲಾಂಪ್ ಹಾಕಿದ ತಕ್ಷಣ ಎರಡು ಸಂಗತಿ ಆದವು. ಸ್ಪೀಡ್‌ಸ್ಟರ್ ವಿಂಡ್‌ಶೀಲ್ಡ್ ಬಿಚ್ಚಿ ತೆಗೆಯುವಂಥದ್ದು, ಅದಕ್ಕೆ ಆಸರೆ ಬುಡದಲ್ಲಿ ಮಾತ್ರ. ಟಾಪ್ ಎಳೆತಕ್ಕೆ ಅದರ ಮೇಲ್ತುದಿ ಕೆಲವು ಮಿಲಿಮೀಟರ್ ಹಿಂದಕ್ಕೆ ವಾಲಿತು. ಜೊತೆಗೆ, ಬಿಗಿದ ಬಟ್ಟೆ ಟಾಪ್‌ನ ಕಮಾನನ್ನೂ ಒತ್ತಿ ಜಾಗ ಬದಲಿಸಿತು. ಗಾಜಿನ ಮುಂದಿನ ಅಂಚು ಹೋಗಿ ವಿಂಡ್‌ಶೀಲ್ಡ್ ಕಂಬಕ್ಕೆ ತಗುಲಿತು. ಹಿಂದಿನ ಮೇಲ್ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿತ್ತು. ಬಲಗಡೆ ಸಂದಿ ಇನ್ನೂ ಜಾಸ್ತಿ. ಕೈಯಲ್ಲಿ ಕೂರಿಸಿದ ಫೈಬರ್ ಬಾಡಿಗಳಲ್ಲಿ ಎಡ ಬಲ ಒಂದೇ ಇರುತ್ತದೆ ಅನ್ನೋ ನಂಬಿಕೆ ಬೇಡ.

ಮುಂದಿನ ಅಂಚು ಸ್ವಲ್ಪ ಉಜ್ಜಿದರೆ ಆಯ್ತಲ್ಲ ಅನ್ನಬಹುದು. ಆಗಲ್ಲ. ಅದು ಟೆಂಪರ್ಡ್ ಗಾಜು, ನಮ್ಮಲ್ಲಿ ಟಫನ್ಡ್ ಅಂತೀವಲ್ಲ ಅದೇ. 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ತಟ್ಟನೆ ತಣ್ಣಗಾಗಿಸಿರುತ್ತಾರೆ. ಮೇಲ್ಮೈ ಒತ್ತಡದಲ್ಲಿ, ಒಡಲು ಎಳೆತದಲ್ಲಿ ಇರುತ್ತದೆ. ಅದರ ಬಲ ಇರುವುದೇ ಅಲ್ಲಿ. ಕತ್ತರಿಸೋದು, ತೂತು ಹಾಕೋದು, ಅಂಚು ರೂಪಿಸೋದು ಎಲ್ಲವೂ ಕಾಯಿಸುವ ಮೊದಲೇ ಮುಗಿಯಬೇಕು. ಆಮೇಲೆ ಕೈ ಹಾಕಿದರೆ ಇಡೀ ಗಾಜು ಪುಡಿಯಾಗುತ್ತದೆ. ಹಾಗಾಗಿ ಎರಡೂ ಗಾಜು ಮತ್ತೆ ಮಾಡಿಸಬೇಕಾಯಿತು. ಟಾಪ್ ಹೊಲಿದ ಹಿರಿಯರು ನೋಡಿ, "ಮೊದಲು ನನ್ನ ಹತ್ತಿರ ಬರಬೇಕಿತ್ತು" ಅಂದರು. ನಿಜವಾದ ಮಾತು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ತಿರುಗಾಮುರುಗಾ ಆಗಿದೆ. ಗಾಜು ಬಾಗಿಲಲ್ಲಿ ಇರುತ್ತದೆ, ಆದರೆ ಅದರ ಮೂರು ಅಂಚು ಹೋಗಿ ಸೇರುವುದು ವಿಂಡ್‌ಶೀಲ್ಡ್‌ಗೆ ಮತ್ತು ಟಾಪ್‌ಗೆ. ಅವೆರಡೂ ಕೊನೆಯ ರೂಪಕ್ಕೆ ಬಂದು, ಬಿಗಿದು, ಬಟ್ಟೆ ಸ್ವಲ್ಪ ದಿನ ಬಿಸಿಲು ಮಳೆ ಕಂಡು ನೆಲೆಯಾದ ಮೇಲೆ, ಕ್ಲಾಂಪ್ ಹಾಕಿರುವಾಗಲೇ ಗಾಜಿನ ಅಳತೆ ತೆಗೆಯಬೇಕು. ಎರಡು ಬಾಗಿಲಿಗೂ ಬೇರೆ ಬೇರೆ.

ಕಾರು ಕಂಪನಿಗಳೂ ಇದನ್ನು ಬರೀ ಬಾಗಿಲಿನ ಕೆಲಸ ಅಂತ ನೋಡಲಿಲ್ಲ. ಸ್ಪೀಡ್‌ಸ್ಟರ್ ಹುಟ್ಟಿದ್ದೇ ಬೆಲೆ ಇಳಿಸಲು. ಅಮೆರಿಕದಲ್ಲಿ ಪೋರ್ಷೆ ತರಿಸಿ ಮಾರುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಒತ್ತಾಯದಿಂದ 1954ರಲ್ಲಿ 2,995 ಡಾಲರ್‌ಗೆ ಬಂತು. ಆ ಬೆಲೆಗಾಗಿ ಬಿಟ್ಟದ್ದರಲ್ಲಿ ಬಾಗಿಲಿನ ಗಾಜೂ ಒಂದು. ಜನ ಗಾಜು ಬೇಕು ಅಂದಾಗ ಪೋರ್ಷೆ ಹಳೆ ಬಾಗಿಲಿಗೆ ರೆಗ್ಯುಲೇಟರ್ ತುರುಕಲಿಲ್ಲ. ವಿಂಡ್‌ಶೀಲ್ಡ್ ಎತ್ತರ ಮಾಡಿ, ಟಾಪ್ ಬದಲಿಸಿ, 1959ರ ಮಾಡೆಲ್ ಆಗಿ ಕನ್ವರ್ಟಿಬಲ್ ಡಿ ತಂದಿತು. ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರು ಎಂಜಿಎ ರೋಡ್‌ಸ್ಟರ್ ಕೊನೆವರೆಗೂ ಸೈಡ್ ಸ್ಕ್ರೀನ್‌ನಲ್ಲೇ ಇತ್ತು, ಗಾಜು ಬಂದದ್ದು 1962ರಲ್ಲಿ ಎಂಜಿಬಿಯ ಪೂರ್ತಿ ಹೊಸ ಬಾಡಿಯಲ್ಲಿ. ಅಲ್ಲಿನದೇ ಟ್ರಯಂಫ್ ಕಂಪನಿ ಟಿಆರ್3ರಿಂದ 1961ರ ಟಿಆರ್4ಗೆ ಹೋದಾಗಲೂ ಹೀಗೇ. ಅಮೆರಿಕದ 1956ರ ಕಾರ್ವೆಟ್‌ಗೂ ಗಾಜು ಬಂದದ್ದು ಹೊಸ ಬಾಡಿ ಜೊತೆಗೇ.

ಹಾಗಾಗಿ ನನ್ನ ಅಭಿಪ್ರಾಯ ಇದು. ಗಾಜು ಬೇಕೇ ಬೇಕು ಅನ್ನುವವರು ಈ ಕಾರು ಮಾರಿ, ಗಾಜು ಇಟ್ಟುಕೊಂಡೇ ಕಟ್ಟಿದ ರೆಪ್ಲಿಕಾ ಹುಡುಕಿ. ವ್ಯಾಂಕೂವರ್‌ನ ಇಂಟರ್‌ಮೆಕ್ಕಾನಿಕಾ ಕಂಪನಿಯವರು ಕಟ್ಟುತ್ತಿದ್ದ ರೋಡ್‌ಸ್ಟರ್ ಅಂಥದ್ದು. ಹಳೆಯದು ಸಿಕ್ಕರೂ ಬೆಲೆ ಜಾಸ್ತಿಯೇ. ಆದರೂ ನನಗೆ ಎರಡು ಸಲದ ಗಾಜು, ಟಾಪ್, ಬಾಗಿಲಿನ ಕೆಲಸ ಎಲ್ಲಾ ಸೇರಿ ಆದ ಖರ್ಚು ನೋಡಿದರೆ ಆ ವ್ಯತ್ಯಾಸ ದೊಡ್ಡದಲ್ಲ. ಕಾರು ಮಾರಲು ಮನಸ್ಸಿಲ್ಲ ಅಂದ್ರೆ ಅಲ್ಯೂಮಿನಿಯಂ ಫ್ರೇಮಿನ, ಜಾರಿಸುವ ಅಕ್ರಿಲಿಕ್ ಕಿಟಕಿ ಇರುವ ಗಟ್ಟಿ ಸೈಡ್ ಸ್ಕ್ರೀನ್ ಮಾಡಿಸಿ. ಉಬ್ಬುವುದಿಲ್ಲ, ಪಕ್ಕ ಕಾಣುತ್ತದೆ, ಬಿಸಿಲು ಬಂದಾಗ ತೆಗೆದು ಸೀಟಿನ ಹಿಂದೆ ಇಡಬಹುದು. ನಿಮ್ಮ ತೊಂದರೆಯ ಬಹುಪಾಲು ಅಲ್ಲೇ ಮುಗಿಯುತ್ತದೆ.

ಇಷ್ಟೆಲ್ಲಾ ಕೇಳಿಯೂ ಮಾಡಿಸ್ತೀನಿ ಅಂದರೆ ಬಾಗಿಲಿನ ಬಗ್ಗೆ ಒಂದೆರಡು ಮಾತು. 5 ಮಿ.ಮೀ. ಗಾಜು ಚದರ ಮೀಟರ್‌ಗೆ ಹನ್ನೆರಡೂವರೆ ಕೆ.ಜಿ. ತೂಗುತ್ತದೆ. ನಿಮ್ಮ ಗಾಜು ಅದರ ಕಾಲು ಭಾಗದಷ್ಟು ಇದ್ದರೂ ರೆಗ್ಯುಲೇಟರ್, ಚಾನೆಲ್ ಸೇರಿದರೆ ಹಿಂಜ್ ಮೇಲೆ ಒಳ್ಳೆ ಭಾರ ಬೀಳುತ್ತದೆ. ಬಾಗಿಲು ಒಂದು ಚೂರು ಇಳಿದರೂ ಗಾಜಿನ ಮೇಲ್ತುದಿ ತನ್ನ ಜಾಗ ಬಿಟ್ಟು ಬೇರೆ ಕಡೆ ಕೂರುತ್ತದೆ. ಫೈಬರ್ ಹಿಂದೆ ಹಿಂಜ್ ಇರುವಲ್ಲಿ ಸ್ಟೀಲ್ ಪ್ಲೇಟ್ ಕೊಡಿಸಿ. ಇನ್ನೊಂದು, ಗಾಜು ಇಳಿಯುವ ಸಂದಿಯಿಂದ ನೀರು ಒಳಗೆ ಹೋಗೇ ಹೋಗುತ್ತದೆ, ಯಾವ ರಬ್ಬರ್ ಹಾಕಿದರೂ ಅಷ್ಟೇ. ಬಾಗಿಲಿನ ತಳದ ಅತಿ ತಗ್ಗಿನಲ್ಲಿ ನೀರು ಹೋಗಲು ತೂತು ಬಿಡಿಸಿ, ಒಳ ಪ್ಯಾನೆಲ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಕೈಯಲ್ಲಿ ತಿರುಗಿಸುವ ಹಿಡಿ ಬೇಡ, ಆ ಇಕ್ಕಟ್ಟಿನಲ್ಲಿ ಮೊಣಕಾಲಿಗೆ ತಾಗುತ್ತದೆ. ಪವರ್ ವಿಂಡೋನೇ ಒಳ್ಳೆಯದು.

ನಿಮ್ಮ ಟಾಪ್ ಹೊಸದಾ ಹಳೆಯದಾ ಅಂತ ನೀವು ಬರೆದಿಲ್ಲ. ಟಾಪ್ ಎತ್ತಿ ಕ್ಲಾಂಪ್ ಹಾಕಿದಾಗ ವಿಂಡ್‌ಶೀಲ್ಡ್ ಮೇಲ್ತುದಿ ಎಷ್ಟು ಹಿಂದಕ್ಕೆ ಬರುತ್ತದೆ ಅಂತ ಸ್ಕೇಲ್ ಹಿಡಿದು ಎರಡೂ ಬದಿ ನೋಡಿ. ಆ ಅಳತೆಯ ಜೊತೆಗೆ ಹಿಂಜ್ ಕಡೆಯ ಫೋಟೋ ಕೆಳಗೆ ಹಾಕಿ, ನಿಮ್ಮ ಬಾಡಿಗೆ ಇದು ಆಗುತ್ತಾ ಇಲ್ವಾ ಅಂತ ನೋಡಿ ಹೇಳುತ್ತೇನೆ.